ಸೌಟು ಹಿಡಿಯುವವನ ಬಿ-ಹನ್ನೆರಡು

ಕರಜಗಿಯ ದೇವಿಂದ್ರಪ್ಪನಿಗೆ ಅರವತ್ತೊಂದು ತುಂಬಿತ್ತು. ಈ ಅರವತ್ತೊಂದು ವರ್ಷದಲ್ಲಿ ತನ್ನ ನಾಲಿಗೆಗೆ ಒಂದು ಗುಳಿಗೆಯೂ ತಾಕಿಲ್ಲ ಎಂಬುದು ಅವನ ಹೆಮ್ಮೆ. ಕೇಳಿದವರಿಗೆ ಇದನ್ನು ಒಮ್ಮೆ ಹೇಳುತ್ತಿದ್ದ, ಕೇಳದವರಿಗೆ ಎರಡು ಸಲ. ದವಾಖಾನೆಗೆಂದು ಬಸ್ಸು ಕಾಯುತ್ತ ನಿಂತವರನ್ನು ಕಂಡರಂತೂ ಅವನಿಗೆ ಕರುಣೆ ಉಕ್ಕಿ ಬರುತ್ತಿತ್ತು.

“ಎಲ್ಲಿಗಿ ಹೊಂಟೀಯವ್ವಾ, ಗುಳಿಗಿ ಮಂದಿ ಕಡಿಗಿ? ನಸುಕಿನ್ಯಾಗ ಒಂದು ಚರಿಗಿ ಜೋಳದ ಅಂಬಲಿ, ಹಣಿಗಿ ಮೂರು ಬಟ್ಟು ವಿಭೂತಿ. ನನ್ನ ದವಾಖಾನಿ ಇಷ್ಟ ನೋಡು.”

ಈ ಮಾತಿಗೆ ಊರಲ್ಲಿ ತೂಕವಿತ್ತು. ಯಾಕೆಂದರೆ ಮಠದ ಸೌಟು ಅವನ ಕೈಯಲ್ಲಿತ್ತು. ಶ್ರಾವಣದ ನಾಲ್ಕು ಸೋಮವಾರ ಊರ ಮಠದಲ್ಲಿ ದಾಸೋಹ, ಸಾವಿರ ಮಂದಿಗೆ ಗೋಧಿ ಹುಗ್ಗಿ. ಆ ಹುಗ್ಗಿ ತಿರುವಿ ಬಡಿಸುವ ಸೌಟು ಹಿಡಿಯುವವನು ಒಬ್ಬನೇ. ಅವನ ಒಡಲು ಶುದ್ಧವಿರಬೇಕು, ನಾಲಿಗೆ ಅದಕ್ಕಿಂತ ಶುದ್ಧವಿರಬೇಕು ಎಂಬುದು ಮಠದ ಹಿಂದಿನ ಸ್ವಾಮಿಗಳು, ಊರ ಬಾಯಲ್ಲಿ ಅಜ್ಜಾರು, ಹಾಕಿಕೊಟ್ಟ ಕಟ್ಟಳೆ. ಇಪ್ಪತ್ತೆರಡು ಶ್ರಾವಣ ದೇವಿಂದ್ರಪ್ಪ ಸೌಟು ಹಿಡಿದಿದ್ದ. ಆ ನಾಲ್ಕು ದಿನಕ್ಕಾಗಿ ಉಳಿದ ಮುನ್ನೂರ ಅರವತ್ತೊಂದು ದಿನ ಬದುಕಿರುತ್ತಿದ್ದ ಎಂದರೂ ತಪ್ಪಿಲ್ಲ. ಎರಡು ಮನೆ ಆಚೆಗಿದ್ದ ದಾಯಾದಿ ತಮ್ಮ ಗುರಣ್ಣ ಆ ಸೌಟಿಗಾಗಿ ಇಪ್ಪತ್ತೆರಡು ವರ್ಷದಿಂದ ಕಾಯುತ್ತಿದ್ದ. ಕಾಯುವವನ ಸೌಜನ್ಯಕ್ಕೆ ಕೊರತೆಯಿರಲಿಲ್ಲ, ದಿನಾ ಮುಂಜಾನೆ ಬಂದು, “ಅಣ್ಣಾ, ಆರಾಮ ಅದೀಯಲ್ಲ?” ಎಂದು ವಿಚಾರಿಸಿ, ಹೌದೆಂದರೆ ಸ್ವಲ್ಪ ಸಪ್ಪಗಾಗಿ ಹೋಗುತ್ತಿದ್ದ.

ಈಗ ಗುಟ್ಟಿನ ವಿಷಯ. ಹೋದ ದೀಪಾವಳಿ ಕಳೆದ ಮೇಲೆ ದೇವಿಂದ್ರಪ್ಪನ ಅಂಗಾಲಿನಲ್ಲಿ ಇರುವೆ ಹರಿದಾಡತೊಡಗಿದವು. ಕಾಲೆತ್ತಿ ನೋಡಿದರೆ ಇರುವೆ ಇಲ್ಲ. ಚಪ್ಪಲಿ ಕಾಲಲ್ಲಿದೆಯೋ ಬಾಗಿಲಲ್ಲಿದೆಯೋ ತಿಳಿಯದಾಯಿತು. ಅಂಗಾಲಿಗೆ ವಿಭೂತಿ ಬಳಿದ, ಅಂಬಲಿಯನ್ನು ಎರಡು ಚರಿಗೆಗೆ ಏರಿಸಿದ. ಇರುವೆಗಳಿಗೆ ಅಂಬಲಿ ಒಗ್ಗಿತೆಂದು ಕಾಣುತ್ತದೆ, ಮೊಣಕಾಲಿನವರೆಗೂ ಬಂದವು. ಕಡೆಗೆ ಯಾರಿಗೂ ಹೇಳದೆ ಅಫಜಲಪುರಕ್ಕೆ ಹೋದ. ಅಲ್ಲೊಬ್ಬ ಡಾಕ್ಟರು ಪರೀಕ್ಷೆ ಮಾಡಿ ಏನೇನೋ ವಿವರಿಸಿದ. ದೇವಿಂದ್ರಪ್ಪ ಆಗ ಭಯದಿಂದ ಕಣ್ಣು ಮುಚ್ಚಿ ಶಿವನಾಮ ಜಪಿಸುತ್ತಿದ್ದುದರಿಂದ ಒಂದಕ್ಷರವೂ ಕಿವಿಗೆ ಬೀಳಲಿಲ್ಲ. ಅಲ್ಲಿ ಕೆಲಸಕ್ಕಿದ್ದ ನಿವೃತ್ತ ಕಂಪೌಂಡರ್ ಖಮರ್ ಸಾಬ ಒಂದು ಸೂಜಿ ಚುಚ್ಚಿದ. ಸೀಸೆಯಲ್ಲಿ ದಾಳಿಂಬರ ರಸದಂಥ ಕೆಂಪು ನೀರು. “ತಾಖತ್ತಿಂದು ಅದ ಅಣ್ಣಾ, ಹರ ಗುರುವಾರ ಬರ್ರಿ” ಎಂದ.

ಎಂಟು ತಿಂಗಳಲ್ಲಿ ಇರುವೆಗಳು ಒಂದೊಂದಾಗಿ ಇಳಿದು ಹೋದವು. ಗುರುವಾರ ಗುರುವಾರ ಎಲ್ಲಿಗೆ ಹೋಗುತ್ತೀರೆಂದು ಹೆಂಡತಿ ಗಂಗಾಬಾಯಿ ಕೇಳಿದ್ದಕ್ಕೆ, ಹೊಲದ ಸರ್ವೇ ಕೆಲಸಕ್ಕೆ ಎಂದಿದ್ದ. ಸರ್ವೇ ಕೆಲಸವಾದ್ದರಿಂದ ಎಂಟು ತಿಂಗಳಾದರೂ ಮುಗಿಯದಿದ್ದುದಕ್ಕೆ ಆ ತಾಯಿಗೆ ಸಂಶಯ ಬರಲಿಲ್ಲ. ಇನ್ನು ಅವನ ಹೆಮ್ಮೆಯ ಮಾತೋ, ಅದಕ್ಕೂ ಧಕ್ಕೆಯಿರಲಿಲ್ಲ. ಸೂಜಿ ಚುಚ್ಚುವುದು ತೋಳಿಗೆ. ನಾಲಿಗೆಗೆ ತಾಕುವುದಿಲ್ಲ.

ಶ್ರಾವಣ ಇನ್ನು ಒಂದು ತಿಂಗಳಿದೆ ಎನ್ನುವಾಗ ಕಲಬುರ್ಗಿಯಿಂದ ಡಾಕ್ಟರರ ಗುಂಪೊಂದು ಬಂತು. ಶಾಕಾಹಾರಿ ಮನೆಗಳವರ ರಕ್ತದಲ್ಲಿ ಯಾವ ಪೋಷಕಾಂಶ ಎಷ್ಟಿದೆ ಎಂದು ನೋಡುವವರು. ಮುಂದಾಳು ಭುವನೇಶ್ವರಿ ಎಂಬ ಹುಡುಗಿ ವಯಸ್ಸಿನ ಡಾಕ್ಟರು, ಆಳಂದದ ಮಗಳು. ಮಠದ ಅಂಗಳದಲ್ಲಿ ಮೇಜು ಹಾಕಿ ಇಪ್ಪತ್ತನಾಲ್ಕು ಮಂದಿಯ ರಕ್ತ ತೆಗೆದರು.

“ಯಾವುದಾರ ಔಷಧ ತಗೊಳ್ಳಾಕತ್ತೀರೇನ್ರಿ, ಮುತ್ಯಾ?” ಎಂದು ಆಕೆ ದೇವಿಂದ್ರಪ್ಪನನ್ನು ಕೇಳಿದಳು.

ಹಿಂದೆ ಸಾಲಾಗಿ ನಿಂತ ಊರು ಕಿವಿ ನಿಮಿರಿಸಿತ್ತು. “ಒಂದೂ ಇಲ್ಲ. ದೊಡ್ಡ ಅಕ್ಷರದಾಗ ಬರ್ಕೋವ್ವಾ,” ಎಂದ ದೇವಿಂದ್ರಪ್ಪ.

ಹತ್ತು ದಿನಕ್ಕೆ ಅದೇ ಅಂಗಳದಲ್ಲಿ ಅವರವರ ಕಾಗದ ಅವರವರ ಕೈಗೆ ಬಂತು. ಡಾಕ್ಟರು ಮಡಚಿಯೇ ಕೊಟ್ಟಿದ್ದಳು. ಆದರೆ ಮಡಚಿದ ಕಾಗದ ಮಡಚಿಯೇ ಉಳಿಯುವ ಊರು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಬಿ-ಹನ್ನೆರಡು ಎಂಬ ಸಾಲಿನ ಮುಂದೆ ಒಬ್ಬನಿಗೆ ನೂರಾ ಇಪ್ಪತ್ತು, ಒಬ್ಬಳಿಗೆ ನೂರಾ ಅರವತ್ತು, ಗುರಣ್ಣನಿಗೆ ಬರೇ ಎಂಬತ್ತನಾಲ್ಕು. ದೇವಿಂದ್ರಪ್ಪ ಇದನ್ನು ಪರೀಕ್ಷೆಯ ಅಂಕವೆಂದು ತಿಳಿದ. ಎದ್ದು ನಿಂತು, ಕನ್ನಡಕ ಸರಿಮಾಡಿಕೊಂಡು, ಹಿಂದಿನ ಸಾಲಿಗೂ ಕೇಳುವಂತೆ ಓದಿದ:

“ನಂದು ಒಂದು ಸಾವಿರದ ನಾನೂರ ಎಂಬತ್ತು. ಅಂಬಲಿ ನೋಡ್ರಿ, ಅಂಬಲಿ.”

ಕೆಲವರು ಚಪ್ಪಾಳೆಯನ್ನೂ ತಟ್ಟಿದರು. ಆಮೇಲೆ ಡಾಕ್ಟರು ಎಲ್ಲರಿಗೂ ತಿಳಿಯಲಿ ಎಂದು ಶುರು ಮಾಡಿದಳು.

“ಭಾಳ ಮಂದಿಗಿ ಇದು ಕಡಿಮಿ ಅದ. ಅಂಜಬ್ಯಾಡ್ರಿ. ಈ ವಿಟಮಿನ್ ಜ್ವಾಳದಾಗಿಲ್ಲ, ತೊಗರ್ಯಾಗಿಲ್ಲ, ಯಾವ ಪಲ್ಯಾದಾಗೂ ಇಲ್ಲ. ಖಂಡ, ಮೀನು, ತತ್ತಿ, ಇವುಗಳಾಗ ಹೆಚ್ಚಿರ್ತದ. ಹಾಲು ಮೊಸರಿನ್ಯಾಗ ಒಂದೀಟು. ಅದಕ್ಕ ನಿಮ್ಮಂಥ ಮನಿಯವರಿಗಿ ಕಡಿಮಿ ಆಗ್ತದ.”

ಇಪ್ಪತ್ತಮೂರು ತಲೆಗಳು ನಿಧಾನವಾಗಿ ಒಂದೇ ಕಡೆ ಹೊರಳಿದವು. ದೇವಿಂದ್ರಪ್ಪ ಇನ್ನೂ ನಿಂತೇ ಇದ್ದ, ಕಾಗದ ಎದೆಯ ಮುಂದಿತ್ತು.

“ಡಾಕ್ಟರ್‍ರ,” ಎಂದು ಗುರಣ್ಣ ಮೆಲ್ಲಗೆ ಕೇಳಿದ, “ಏನೂ ತಿನ್ನದವಗ ಸಾವಿರದ ನಾನೂರು ಹ್ಯಾಂಗ ಬರ್ತದ?”

ಆಕೆ ದೇವಿಂದ್ರಪ್ಪನ ಕಾಗದ ನೋಡಿದಳು, ದಪ್ಪಕ್ಷರದಲ್ಲಿ ಬರೆದುಕೊಂಡಿದ್ದನ್ನೂ ನೋಡಿದಳು. “ನನಗೂ ತಿಳೀವಲ್ದು,” ಎಂದಳು. “ಅದಿರ್ಲಿ, ಗುರಣ್ಣಾರ, ನಿಮ್ದು ಎಂಬತ್ತನಾಕು. ಇದು ಛಲೋ ಅಲ್ಲ. ನೀವು ತಡಾ ಮಾಡದಂಗ ಸೂಜಿ ಮಾಡಿಸ್ಕೋಬೇಕು.”

ಆ ಎರಡನೆಯ ಮಾತು ಯಾರಿಗೂ ಕೇಳಿಸಲಿಲ್ಲ.

ಹೊತ್ತು ಮುಳುಗುವುದರೊಳಗೆ ಊರಿನ ಪಾಪಪುಣ್ಯಕ್ಕೆ ಹೊಸ ಅಳತೆಗೋಲು ಸಿಕ್ಕಿತ್ತು. ಅಂಕಿ ಕಡಿಮೆಯಾದಷ್ಟೂ ಮನುಷ್ಯ ಶುದ್ಧ. ಎಂಬತ್ತನಾಲ್ಕರ ಗುರಣ್ಣ ಓಣಿಯಲ್ಲಿ ಬಂದರೆ ಹೆಂಗಸರು ಸೆರಗು ಸರಿಮಾಡಿಕೊಂಡು ದಾರಿ ಬಿಡುತ್ತಿದ್ದರು. ಇನ್ನೂರ ನಲವತ್ತು ಬಂದಿದ್ದ ಒಬ್ಬಳು ಮುದುಕಿ ಕಿರಾಣಿ ಅಂಗಡಿಯಲ್ಲಿ ಕೇಳದವರಿಗೂ, “ನಮ್ಮನ್ಯಾಗ ಮಸರು ಹೆಚ್ಚು ನೋಡಪಾ, ಅದಕ್ಕ” ಎಂದು ಸಮಜಾಯಿಷಿ ಕೊಡುತ್ತಿದ್ದಳು.

ಮನೆಯಲ್ಲಿ ಗಂಗಾಬಾಯಿ ಅಡುಗೆ ಮನೆಯ ಹೊಸ್ತಿಲಲ್ಲಿ ಕುಳಿತಿದ್ದಳು. ಅತ್ತಿರಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

“ಏನ್ರಿ, ಒಂದ್ ಮಾತ ಕೇಳ್ತೇನಿ. ನಲವತ್ತು ವರ್ಷ ನನ್ನ ಕೈದು ಪುಂಡಿಪಲ್ಯಾ ಉಂಡೀರಿ. ರುಚಿ ಇಲ್ಲಂತ ಬಾಯಿ ಬಿಟ್ಟ ಹೇಳಬಾರದಿತ್ತೇನು? ಹೊರಗ ಹೋಗಿ ತಿನ್ನೂದ್ಯಾಕ?”

“ಗಂಗಾ, ನಾ ತಿಂದಿಲ್ಲಬೇ.”

“ಹಂಗಾರ ಸಾವಿರದ ನಾನೂರ ಎಂಬತ್ತು ಎಲ್ಲಿಂದ ಬಂತು? ಸರ್ವೇ ಆಫೀಸಿನ್ಯಾಗ ಕೊಟ್ರೇನು?”

ನಿಜ ಹೇಳಬೇಕೆಂದರೆ ಅದು ಅವನ ಪ್ರಶ್ನೆಯೂ ಆಗಿತ್ತು. ತನ್ನ ಒಡಲೊಳಗೆ ತನಗೆ ತಿಳಿಯದಂತೆ ಯಾವುದೋ ವ್ಯವಹಾರ ನಡೆದಿದೆ. ತಾನು ಬರೀ ಅದರ ಹೊರಗಿನ ಗೋಡೆ. ಈ ವಿಚಾರ ಅವನನ್ನು ಹೆದರಿಸಿತು, ಹೆದರಿಕೆಗಿಂತ ಹೆಚ್ಚಾಗಿ ಕುತೂಹಲಕ್ಕೆ ತಳ್ಳಿತು.

ಮರುದಿನ ಅವನು ಹಾಲಿನ ವಾದ ಹೂಡಿದ. ಡಾಕ್ಟರೇ ಹೇಳಿದ್ದಾಳೆ, ಹಾಲಲ್ಲಿ ಇದೆ, ನಮ್ಮ ಮನೆಯಲ್ಲಿ ಎಮ್ಮೆ ಇದೆ. ಕಿರಾಣಿ ಅಂಗಡಿಯ ಶಿವಪ್ರಕಾಶ ತಕ್ಕಡಿ ಕೆಳಗಿಟ್ಟು ಕೇಳಿದ:

“ಕಾಕಾ, ಎಮ್ಮ್ಯಾಗ ಎಲ್ಲಿಂದ ಬಂತು? ಅದೂ ಖಂಡ ತಿಂತದೇನು?”

ಇದು ಸಾಮಾನ್ಯ ಪ್ರಶ್ನೆಯಲ್ಲ. ಸಾವಿರಾರು ವರ್ಷದಿಂದ ಹಾಲು ಕುಡಿಯುತ್ತ ಬಂದವರಿಗೆ ಹೊಳೆಯದ ಪ್ರಶ್ನೆ. ನಾಲ್ಕು ಮಂದಿ ಹಿರಿಯರು ದೇವಿಂದ್ರಪ್ಪನ ಕೊಟ್ಟಿಗೆಯಲ್ಲಿ ಎಮ್ಮೆಯೆದುರು ಮಧ್ಯಾಹ್ನದವರೆಗೆ ಕುಳಿತು ಪಂಚನಾಮೆ ಮಾಡಿದರು. ಎಮ್ಮೆ ಜೋಳದ ಕಣಿಕೆ ತಿಂದಿತು, ಹತ್ತಿಕಾಳಿನ ಹಿಂಡಿ ತಿಂದಿತು, ನೀರು ಕುಡಿಯಿತು, ಆಮೇಲೆ ಮಲಗಿ ಮೆಲುಕು ಹಾಕುತ್ತ ಇವರನ್ನೇ ನೋಡಿತು. ಸಂಶಯಕ್ಕೆ ಎಡೆಯಿರಲಿಲ್ಲ. ಶಿವಪ್ರಕಾಶ ಡಾಕ್ಟರಿಗೆ ಫೋನು ಹಚ್ಚಿ ಎಲ್ಲರಿಗೂ ಕೇಳುವಂತೆ ನಡುವೆ ಇಟ್ಟ.

“ಛಲೋ ಪ್ರಶ್ನಿ ಕೇಳೀರಿ,” ಎಂದಳು ಆಕೆ. ದನಿಯಲ್ಲಿ ಸಂತೋಷವಿತ್ತು. “ಬಿ-ಹನ್ನೆರಡನ್ನ ಗಿಡಾನೂ ಮಾಡಲ್ಲ, ಪ್ರಾಣೀನೂ ಮಾಡಲ್ರಿ. ಬರೇ ಸೂಕ್ಷ್ಮಜೀವಿಗಳು ಮಾಡ್ತಾವ. ಎಮ್ಮಿ ಹೊಟ್ಟ್ಯಾಗ ನಾಕು ಖೋಲಿ ಅದಾವ. ಮೊದಲ್ನೇ ಖೋಲ್ಯಾಗ ಅವು ಕೋಟಿಗಟ್ಟಲೆ. ಎಮ್ಮಿ ಮೇವು ತಂದು ಹಾಕ್ತದ, ಅವು ಅಡಗಿ ಮಾಡ್ತಾವ. ಮಣ್ಣಿನ್ಯಾಗ ಕೋಬಾಲ್ಟ್ ಅಂತ ಒಂದು ಲೋಹ ಅದ, ಮೇವಿನ ಕೂಡ ಒಳಗ ಹೋಗ್ತದ. ಅದರ ಒಂದು ಕಣಾ ನಡುವ ಇಟ್ಟು, ಸುತ್ತಲೂ ಕಟ್ಟಿ, ಈ ವಿಟಮಿನ್ ತಯಾರ ಮಾಡ್ತಾವ.”

ಹಿರಿಯರು ಎಮ್ಮೆಯ ಹೊಟ್ಟೆಯನ್ನು ಹೊಸ ಗೌರವದಿಂದ ನೋಡಿದರು. ಅಲ್ಲೊಂದು ದಾಸೋಹ ನಡೆದಿತ್ತು. ಕೋಟಿ ಅಡುಗೆಯವರು, ಹಗಲೂ ರಾತ್ರಿ ಪಂಕ್ತಿ, ಮಣ್ಣಿನೊಳಗಿನ ಲೋಹವನ್ನು ಹಾಲು ಮಾಡುವ ಕೆಲಸ. ಸೌಟು ಯಾರದೆಂಬ ಜಗಳ ಅಲ್ಲಿರಲಿಲ್ಲ. ಶಿವನ ಮನೆಯಲ್ಲಿ ಎಲ್ಲಿ ಒಲೆ ಹಚ್ಚಿದೆಯೋ ಬಲ್ಲವರಾರು.

“ನಮ್ಮ ಹೊಟ್ಟ್ಯಾಗ ಅವು ಇಲ್ಲೇನವ್ವಾ?” ಎಂದು ದೇವಿಂದ್ರಪ್ಪ ಬಾಗಿ ಕೇಳಿದ.

“ಅದಾವ್ರಿ ಮುತ್ಯಾ. ಆದ್ರ ನಮಗ ದೊಡ್ಡ ಕರುಳಿನ್ಯಾಗ ಇರ್ತಾವ. ಹೀರಿಕೊಳ್ಳೋ ಜಾಗ ಅದಕಿಂತ ಮೊದಲೇ ದಾಟಿ ಹೋಗಿರ್ತದ. ಅಡಗಿ ಆಗೂದ್ರಾಗ ಪಂಕ್ತಿ ಎದ್ದಿರ್ತದ.”

“ಹಂಗಾರ ಕಾಕಾಗ ಹಾಲಿನಿಂದನ ಸಾವಿರದ ನಾನೂರು ಬಂದಿರಬೇಕಲ್ಲ?” ಎಂದ ಶಿವಪ್ರಕಾಶ.

ಆಕೆ ನಕ್ಕಳು. “ಹಾಲಷ್ಟ ಅಲ್ಲ, ಎಮ್ಮೀನ ನುಂಗಿದ್ರೂ ಇಷ್ಟು ಬರೂದು ಕಷ್ಟ ಅದ್ರಿ.”

ನಗೆಯ ಮಾತು ಫೋನಿನಿಂದ ಹೊರಟಾಗ ನಗೆಯಾಗಿಯೇ ಇತ್ತು. ಅಗಸಿ ಬಾಗಿಲು ದಾಟುವಾಗ ಅದು ಪುಕಾರಾಯಿತು. ಸಂಜೆ ದೇವಿಂದ್ರಪ್ಪ ಬಾವಿ ಕಡೆ ಹೋದರೆ, ಒಬ್ಬಾಕೆ ತನ್ನ ಎಮ್ಮೆಯನ್ನು ಹಗ್ಗ ಹಿಡಿದು ಆಚೆ ಎಳೆದುಕೊಂಡಳು.

ಆ ಸಂಜೆ ಅವನು ಬಣವೆಯ ಹಿಂದೆ ನಿಂತು ಡಾಕ್ಟರಿಗೆ ತಾನೇ ಫೋನು ಮಾಡಿದ. “ಅವ್ವಾ, ಒಂದು ತಪ್ಪು ನೆಪ್ಪಿಗಿ ಬಂತು. ಏಳು ವರ್ಷದ ಹಿಂದ ಮೊಮ್ಮಗನ ಹುಟ್ಟಹಬ್ಬಕ ಒಂದು ತುಣುಕು ಕೇಕ ತಿಂದಿದ್ದೆ. ಅದರಾಗ ತತ್ತಿ ಇರ್ತದಂತ.”

“ಈ ವಿಟಮಿನ್ ಲಿವರಿನ್ಯಾಗ ಮೂರು ನಾಕು ವರ್ಷ ಕೂಡಿಟ್ಟಿರ್ತದ್ರಿ. ಆದ್ರ ಏಳು ವರ್ಷದ ಹಿಂದಿನ ಒಂದು ತುಣುಕು ಕೇಕಿಗೂ ಇದಕ್ಕೂ ಸಂಬಂಧ ಇಲ್ಲ.”

ದೇವಿಂದ್ರಪ್ಪ ಮೊದಲರ್ಧ ಕೇಳಿ ಫೋನು ಇಳಿಸಿಬಿಟ್ಟಿದ್ದ. ಅಂದಿನಿಂದ ಬಲ ಪಕ್ಕೆಯ ಮೇಲೆ ಕೈಯಿಟ್ಟುಕೊಂಡೇ ಓಡಾಡಿದ. ಒಳಗೆ ಕುಳಿತು ಹಳೆಯ ಕೇಕು ಕಾಯುತ್ತಿರುವ ಆ ಜೋಪಾನದ ಅಂಗದ ಮೇಲೆ ಅವನಿಗೆ ಸಿಟ್ಟೂ ಬಂತು, ಬೆರಗೂ ಆಯಿತು.

ಇಷ್ಟಕ್ಕೇ ನಿಂತಿದ್ದರೆ ಊರು ಮರೆಯುತ್ತಿತ್ತೇನೋ. ಆದರೆ ಅಂಗಡಿಯ ಮಾಲು ತರಲು ಅಫಜಲಪುರಕ್ಕೆ ಹೋಗುತ್ತಿದ್ದ ಶಿವಪ್ರಕಾಶನಿಗೆ, ಗುರುವಾರದ ಬಸ್ಸಿಳಿದ ದೇವಿಂದ್ರಪ್ಪ ಒಂದು ಸಂದಿಗೆ ತಿರುಗಿದ್ದು ನೆನಪಾಯಿತು. ಆ ಸಂದಿಯ ಬಾಯಲ್ಲಿ ಶಾಹಿದನ ಮಟನ್ ಖಾನಾವಳಿ. ಮಹಡಿಯ ಮೇಲೆ ದವಾಖಾನೆ ಇರುವುದು ಕೆಳಗಿನ ಹೊಗೆಯಲ್ಲಿ ಯಾರಿಗೂ ಕಾಣುವುದಿಲ್ಲ. ಶಿವಪ್ರಕಾಶ ಹೋಗಿ ವಿಚಾರಿಸಿದ. ಶಾಹಿದ ಸಜ್ಜನ, ಗಿರಾಕಿಯಲ್ಲದವರ ಬಗ್ಗೆಯೂ ಒಳ್ಳೆಯದನ್ನೇ ಆಡುವವನು.

“ಕರಜಗಿ ದೇವಿಂದ್ರಪ್ಪಾರಾ? ಅವರು ಗೊತ್ತಿಲ್ದೇನು. ಹರ ಗುರುವಾರ ತಪ್ಪಂಗಿಲ್ಲ. ಭಾಳ ಶರೀಫ್ ಆದ್ಮಿ. ಬರ್ತಾರ, ಕೆಲಸ ಮುಗಿಸ್ತಾರ, ಮಾರಿ ಒರಸ್ಕೋಂತ ಹೋಗ್ತಾರ.”

ಇದಕ್ಕಿಂತ ಚೆನ್ನಾದ ಸಾಕ್ಷಿ ಬೇಕೇ? ಸುದ್ದಿ ಮಠ ಮುಟ್ಟಿತು. ಶ್ರಾವಣದ ಮೊದಲ ಸೋಮವಾರಕ್ಕೆ ಒಂದು ದಿನ ಮೊದಲು, ರವಿವಾರ ಸಂಜೆ, ಸೌಟು ಯಾರಿಗೆಂದು ಅಜ್ಜಾರು ತೀರ್ಪು ಕೊಡುವುದೆಂದಾಯಿತು.

ನಡುವೆ ಒಂದು ಗುರುವಾರವಿತ್ತು. ದೇವಿಂದ್ರಪ್ಪ ತಲೆಗೆ ಟವೆಲು ಸುತ್ತಿಕೊಂಡು ಖಮರ್ ಸಾಬನ ಎದುರು ಕುಳಿತು ಕಥೆಯೆಲ್ಲ ಹೇಳಿದ. ಸಾಬ ಸೂಜಿ ಎತ್ತಿದವನು ಹಾಗೇ ನಿಂತು ಕೇಳಿದ. ಆಮೇಲೆ ಆ ಸೂಜಿಯನ್ನೇ ಬೆಳಕಿಗೆ ಹಿಡಿದ.

“ಅಣ್ಣಾ, ಇದರಾಗಿಂದು ಏನಂತ ತಿಳ್ದೀರಿ?”

“ತಾಖತ್ತಿಂದು ಅಂದೀದಲ್ಲೋ.”

“ಬಿ-ಹನ್ನೆರಡು ಅದ. ಈ ಕೆಂಪು ಬಣ್ಣ ಆ ಕೋಬಾಲ್ಟಿಂದ ಬರ್ತದ. ಎಂಟು ತಿಂಗಳಿಂದ ನಾನೇ ತುಂಬಾಕತ್ತೇನಿ. ಸಾವಿರದ ನಾನೂರೇನು, ಹೆಚ್ಚ ಬಂದ್ರೂ ಆಶ್ಚರ್ಯ ಇಲ್ಲ.”

ದೇವಿಂದ್ರಪ್ಪ ಎದ್ದು ಸಾಬನನ್ನು ತಬ್ಬಿಕೊಂಡ. ಕೇಕು ನಿರ್ದೋಷಿ, ಎಮ್ಮೆ ನಿರ್ದೋಷಿ, ತಾನು ನಿರ್ದೋಷಿ. ಮೆಟ್ಟಿಲು ಅರ್ಧ ಇಳಿದವನು ಮತ್ತೆ ಹತ್ತಿ ಬಂದು ಬೆಂಚಿನ ಮೇಲೆ ಕುಸಿದ.

“ಇದನ್ನ ಊರಾಗ ಹೇಳಿದ್ರ ನನ್ನ ಅಂಬಲಿ ಹೋಯ್ತಲ್ಲೋ ಖಮರ. ಸೌಟು ಹಿಡಿಯೋನ ನಾಲಿಗಿ ಶುದ್ಧ ಇರಬೇಕು. ಸುಳ್ಳುಗಾರಗ ಯಾರ ಕೊಡ್ತಾರ?”

“ಹೇಳದಿದ್ರ?”

“ಖಂಡ ತಿನ್ನೋನಿಗಿ ಕೊಡಂಗಿಲ್ಲ.”

ಖಮರ್ ಸಾಬ ಅವನ ತೋಳಿಗೆ ಸೂಜಿ ಚುಚ್ಚಿ, ಹತ್ತಿ ಒತ್ತಿ ಹಿಡಿದು, “ಅಲ್ಲಾನ ಮರ್ಜಿ ಅಣ್ಣಾ. ಎರಡೂ ಕಡಿಗಿ ಸೌಟು ಹೋಗೋದ ಅದ ಅಂದ್ರ, ಖರೇ ಹೇಳಿ ಕಳ್ಕೊಳ್ಳೋದು ಹಗುರ,” ಎಂದ. ಹಗುರವೆಂದು ದೇವಿಂದ್ರಪ್ಪನಿಗೆ ತೋರಲಿಲ್ಲ. ಸುಮ್ಮನಿರುವುದೆಂದು ಬಸ್ಸಿನಲ್ಲೇ ನಿರ್ಧರಿಸಿದ; ಖಂಡದ ಪುಕಾರು ಮಳೆಗಾಲ ಕಳೆದರೆ ಹೋದೀತು, ಅಂಬಲಿಯ ಹೆಸರು ಹೋದರೆ ಮರಳಿ ಬಾರದು.

ಇತ್ತ ಗುರಣ್ಣ ಮನೆಯಲ್ಲಿ ಸೌಟಿನ ತಾಲೀಮು ನಡೆಸಿದ್ದ. ಸಾರಿಗೆ ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕುತ್ತಿದ್ದ, ಮೂರನೆಯ ಸಲ ಹಾಕುವಾಗ ಹೆಂಡತಿ ಕೈ ಹಿಡಿಯುತ್ತಿದ್ದಳು. ಸೂಜಿ ಮಾಡಿಸಿಕೊಳ್ಳಿರೆಂದು ಡಾಕ್ಟರು ಮೂರು ಸಲ ಫೋನು ಮಾಡಿದ್ದಳು. “ನನ್ನ ಎಂಬತ್ತನಾಕು ಕೆಡಿಸಬ್ಯಾಡ್ರಿ,” ಎಂದು ಅವನು ಮೂರು ಸಲವೂ ಹೇಳಿದ್ದ.

ರವಿವಾರ ಸಂಜೆ ಮಠದ ಅಂಗಳ ತುಂಬಿತ್ತು. ಅಜ್ಜಾರು ಕಂಬಕ್ಕೊರಗಿ ಕುಳಿತಿದ್ದರು. ದೇವಿಂದ್ರಪ್ಪ ಒಂದು ಮೂಲೆಯಲ್ಲಿ, ಗಂಗಾಬಾಯಿ ಅವನಿಂದ ಅತಿ ದೂರದ ಮೂಲೆಯಲ್ಲಿ. ಗುರಣ್ಣ ಹೊಸ ಧೋತರ ಉಟ್ಟು ಬಾಗಿಲಲ್ಲಿ ಕಾಣಿಸಿಕೊಂಡ. ತುಸು ಓಲಾಡುತ್ತ, ನಡಿಗೆಯಲ್ಲಿ ಗಾಂಭೀರ್ಯವಿದೆ ಎನ್ನಿಸುವಂತೆ, ಅಂಗಳ ದಾಟಿ ಬಂದ. ಅವನು ನಡೆದು ಬಂದ ಬಂಡೆಗಲ್ಲಿನ ಮೇಲೆ ಬಲಗಾಲಿನ ಗುರುತು ಒಂದರ ಹಿಂದೊಂದು ಕೆಂಪಾಗಿ ಮೂಡಿತ್ತು. ಅಂಗಾಲಿಗೆ ಜಾಲಿ ಮುಳ್ಳು ಮುರಿದು ಕುಳಿತಿತ್ತು. ಗುರಣ್ಣನಿಗೆ ಅದು ಗೊತ್ತಿರಲಿಲ್ಲ. ಅವನು ಎಲ್ಲರಿಗೂ ಕೈ ಮುಗಿದು ನಗುತ್ತಿದ್ದ.

ಗುರುತು ಎಲ್ಲರ ಕಣ್ಣಿಗೂ ಬಿತ್ತು. ಅದರ ಅರ್ಥ ಮಾತ್ರ ಒಬ್ಬನಿಗೇ ತಿಳಿದಿತ್ತು. ಆ ಇರುವೆಗಳು ಅವನಿಗೆ ಹಳೆಯ ಪರಿಚಯ.

“ಗುರಣ್ಣಾ, ಕುಂಡ್ರಲೇ,” ಎಂದು ದೇವಿಂದ್ರಪ್ಪ ಎದ್ದು ಬಂದ. ಅವನನ್ನು ಕಟ್ಟೆಯ ಮೇಲೆ ಕೂಡಿಸಿ, ಪಾದ ತನ್ನ ತೊಡೆಯ ಮೇಲಿಟ್ಟುಕೊಂಡು ಮುಳ್ಳು ಕಿತ್ತ. ಗುರಣ್ಣ ಹುಬ್ಬು ಕೂಡ ಗಂಟಿಕ್ಕಲಿಲ್ಲ. ಪಾದ ಬಿಡದೆಯೇ ದೇವಿಂದ್ರಪ್ಪ ಅಜ್ಜಾರ ಕಡೆ ತಿರುಗಿದ.

“ಅಜ್ಜಾರ, ನಾ ಖಂಡ ತಿಂದಿಲ್ರಿ. ಆದ್ರ ನನ್ನ ನಾಲಿಗಿ ಶುದ್ಧ ಇಲ್ಲ. ನನಗೂ ಕಾಲಾಗ ಇರುವಿ ಹರದಾಡಿ, ಕಾಲು ಹಿಂಗ ಸತ್ತಿದ್ದವು. ಎಂಟು ತಿಂಗಳಾತು, ಅಫಜಲಪುರಕ ಹೋಗಿ ಸೂಜಿ ಮಾಡಿಸ್ಕೊಳ್ಳಾಕತ್ತೇನಿ. ಆ ಸೂಜ್ಯಾಗ ಇದ ಬಿ-ಹನ್ನೆರಡು ಅದ. ಡಾಕ್ಟರವ್ವಗ ಸುಳ್ಳು ಹೇಳೇನಿ, ಊರಿಗಿ ಹೇಳೇನಿ, ಮನಿಯಾಕಿಗಿ ಹೇಳೇನಿ. ಸೌಟು ಬ್ಯಾಡ್ರಿ ನನಗ. ಇವಗ ಮೊದಲ ಸೂಜಿ ಮಾಡಸ್ರಿ.”

ಮೊದಲು ದನಿ ಬಂದದ್ದು ದೂರದ ಮೂಲೆಯಿಂದ.

“ಹಂಗಾರ ಸರ್ವೇ?”

“ಸರ್ವೇ ಆಗಿಲ್ಲಬೇ.”

“ಪುಂಡಿಪಲ್ಯಾ?”

“ಅದು ಛಲೋನ ಇರ್ತದ. ಅದರಾಗ ಸುಳ್ಳಿಲ್ಲ.”

ಗಂಗಾಬಾಯಿ ಎದ್ದು ಬಂದು ಎರಡು ಕಂಬ ಈಚೆ ಕುಳಿತಳು.

ಅಜ್ಜಾರು ಕಣ್ಣು ಮುಚ್ಚಿದ್ದರು, ತೆರೆದರು. “ದೇವಿಂದ್ರಾ, ನಿನ್ನ ಅಂಬಲಿ ಮಾತು ಕೇಳಿ ದವಾಖಾನಿ ಬಿಟ್ಟು ಮನ್ಯಾಗ ಕುಂತವರು ಎಷ್ಟು ಮಂದಿ, ಲೆಕ್ಕ ಇಟ್ಟೀಯೇನು?”

ದೇವಿಂದ್ರಪ್ಪ ತಲೆ ತಗ್ಗಿಸಿದ.

“ಸೌಟು ನೀನ ಹಿಡಿ. ಆದ್ರ ಸುಮ್ಮ ಬಡಿಸಬ್ಯಾಡ. ಒಂದೊಂದು ಎಲಿ ಮುಂದ ನಿಂತಾಗೊಮ್ಮೆ, ನಾ ಸೂಜಿ ಮಾಡಿಸ್ಕೊಂಡೇನಿ ಅಂತ ಬಾಯಿ ತುಂಬ ಹೇಳಿ ಹಾಕು. ಸಾವಿರ ಎಲಿಗಿ ಸಾವಿರ ಸಲ. ನಾಲಿಗಿ ತೊಳ್ಯಾಕ ಅದಕಿಂತ ಛಲೋ ನೀರು ನನಗ ಗೊತ್ತಿಲ್ಲ.”

ಸೋಮವಾರ ಪಂಕ್ತಿ ಕುಳಿತಿತು. ದೇವಿಂದ್ರಪ್ಪ ಹುಗ್ಗಿಯ ಕೊಪ್ಪರಿಗೆ ಎಳೆದುಕೊಂಡು ಸಾಲಿನ ಈ ತುದಿಯಿಂದ ಹೊರಟ. “ನಾ ಸೂಜಿ ಮಾಡಿಸ್ಕೊಂಡೇನ್ರಿ, ಹುಗ್ಗಿ ಹಾಕ್ಲೇನು?” ಮೊದಲ ಹತ್ತು ಎಲೆಗೆ ಸೌಟಿಗಷ್ಟೇ ಕೇಳುವಂತೆ ಹೇಳಿದ. ಒಬ್ಬಳು ಮುದುಕಿ, “ಯಾವ ತ್ವಾಳಿಗ್ಯೋ?” ಎಂದು ವಿಚಾರಿಸಿದಳು. ಒಬ್ಬ, “ನಮ್ಮವ್ವಗೂ ಕಾಲಾಗ ಇರುವಿ ಹರೀತಾವಂತ, ಆಕೀನ್ನ ಕಳಸ್ಲೇನು?” ಎಂದು ಕೇಳಿದ. ಇನ್ನೊಬ್ಬ ಕೇಳಿದ್ದು ಬರೀ ತುಪ್ಪ. ನೂರನೆಯ ಎಲೆ ದಾಟುವ ಹೊತ್ತಿಗೆ ಮಾತು ಹುಗ್ಗಿಯಷ್ಟೇ ಸಲೀಸಾಗಿ ಜಾರತೊಡಗಿತು.

ಸಾಲಿನ ಕೊನೆಗೆ ಗುರಣ್ಣ ಕುಳಿತಿದ್ದ, ಪಾದಕ್ಕೆ ಪಟ್ಟಿ ಕಟ್ಟಿಕೊಂಡು. ಬೆಳಿಗ್ಗೆಯೇ ಡಾಕ್ಟರು ಭುವನೇಶ್ವರಿ ಊರಿಗೆ ಬಂದು ಅಡುಗೆ ಮನೆಯ ಪಕ್ಕದ ಖೋಲಿಯಲ್ಲಿ ಮೇಜು ಹಾಕಿ ಅವನಿಗಾಗಿ ಕಾಯುತ್ತಿದ್ದಳು. ಊಟವಾದ ಮೇಲೆ ಬರುತ್ತೇನೆ ಎಂದು ಇವನು ಎರಡು ಪಂಕ್ತಿಯಲ್ಲಿ ಉಂಡಾಗಿತ್ತು, ಇದು ಮೂರನೆಯದು.

“ನಾ ಸೂಜಿ ಮಾಡಿಸ್ಕೊಂಡೇನಿ,” ಎಂದು ದೇವಿಂದ್ರಪ್ಪ ಸೌಟು ಎತ್ತಿದ.

ಗುರಣ್ಣ ಎಲೆಯ ಮೇಲೆ ಕೈ ಅಡ್ಡ ಹಿಡಿದ. ಆ ಕಡೆ ಈ ಕಡೆ ನೋಡಿ, ಬಾಗೆಂದು ಸನ್ನೆ ಮಾಡಿ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಆರೋಗ್ಯದ ವಿಷಯ ಬಿಟ್ಟು ಬೇರೆ ಪ್ರಶ್ನೆ ಕೇಳಿದ.

“ಅಣ್ಣಾ, ಶುದ್ಧ ಗಿದ್ಧ ಎಲ್ಲಾ ಇರ್ಲಿ. ಖರೇ ಹೇಳು, ಭಾಳ ನೋ‌ಯ್ತದೇನು?”

ದೇವಿಂದ್ರಪ್ಪ ಒಂದು ಕ್ಷಣ ವಿಚಾರ ಮಾಡಿದ. ಸುಳ್ಳಿಗೆ ಇದಕ್ಕಿಂತ ಪುಣ್ಯದ ಸಂದರ್ಭ ಸಿಕ್ಕುವುದು ಅಪರೂಪ.

“ನೋಯ್ತದ,” ಎಂದ. “ನಾ ಎಂಟು ತಿಂಗಳೂ ಅತ್ತೇನಿ. ನಡಿ, ಕೈ ಹಿಡ್ಕೋತೇನಿ.”

ಸೌಟನ್ನು, ಹಿಂದೆ ತುಪ್ಪ ಬಡಿಸುತ್ತ ಬರುತ್ತಿದ್ದ ಗಂಗಾಬಾಯಿಯ ಕೈಗಿತ್ತು, ತಮ್ಮನನ್ನು ಎಬ್ಬಿಸಿಕೊಂಡು ಹೋದ.